ತುಂಬಿದ ತಿಂಗಳಲ್ಲಿ ಹೋದ ಮಾನ

ಬಸಿರಿನ ಕೊನೆಯ ಎರಡು ತಿಂಗಳಲ್ಲಿ ಬೆನ್ನು ನೋಯುತ್ತದೆ, ಕಾಲು ಬಾಯುತ್ತದೆ, ಎದೆ ಉರಿಯುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಮಾನ ಹೋಗುತ್ತದೆ ಎಂದು ಮಾತ್ರ ಯಾರೂ ಹೇಳುವುದಿಲ್ಲ. ನನ್ನದು ಒಂದೇ ಸಲ ಹೋಗಲಿಲ್ಲ, ಕಂತಿನಲ್ಲಿ ಹೋಯಿತು.

ಎಪ್ಪತ್ತರ ದಶಕದ ಆರಂಭದ ದಿನಗಳು. ಮುಂಬಯಿಯ ಮಲಾಡಿನ ಒಂದು ಚಾಳಿನ ಎರಡನೇ ಮಾಳಿಗೆಯಲ್ಲಿ ನಾವು ಗಂಡ ಹೆಂಡತಿ ಇಬ್ಬರೇ ಇದ್ದೆವು. ಇವರು ಫೋರ್ಟಿನ ಒಂದು ಕಂಪನಿಯಲ್ಲಿ ಸ್ಟೆನೋ. ನಾನು ದಾದರಿನ ಒಂದು ಕನ್ನಡ ಶಾಲೆಯಲ್ಲಿ ಟೀಚರ್. ಚೊಚ್ಚಲ ಹೆರಿಗೆಗೆ ಉಡುಪಿ ಕಡೆಯ ತವರಿಗೆ ಹೋಗಬೇಕಿತ್ತು. ಆದರೆ ಅಮ್ಮ ಬಾವಿಕಟ್ಟೆಯಲ್ಲಿ ಜಾರಿ ಕಾಲು ಮುರಿದುಕೊಂಡು ಮಲಗಿದ್ದರು. ರಜೆಯನ್ನೆಲ್ಲ ಮಗು ಹುಟ್ಟಿದ ಮೇಲೆ ತೆಗೆದುಕೊಳ್ಳೋಣ ಎಂದು ಉಳಿಸಿಟ್ಟು, ಒಂಬತ್ತನೇ ತಿಂಗಳಲ್ಲೂ ಲೋಕಲ್ ಹತ್ತಿ ಶಾಲೆಗೆ ಹೋಗುತ್ತಿದ್ದೆ.

ಕಾಲ್ಬೆರಳು

ಹೊಟ್ಟೆ ಮುಂದೆ ಬಂದಂತೆ ನನಗೂ ನೆಲಕ್ಕೂ ಸಂಬಂಧ ತಪ್ಪಿತು. ಬಗ್ಗಲು ಆಗುತ್ತಿರಲಿಲ್ಲ. ಕೈಯಿಂದ ಬಿದ್ದದ್ದು ಬಿದ್ದಂತೆಯೇ. ಸೀಮೆಸುಣ್ಣ ದಿನಕ್ಕೆ ಹತ್ತು ಸಲ ಬೀಳುತ್ತಿತ್ತು, ಪ್ರತಿ ಸಲ ಮಕ್ಕಳನ್ನು ಎಬ್ಬಿಸಲು ಸಂಕೋಚ. ಪಾದ ಬಾತು ಚಪ್ಪಲಿ ಹಿಡಿಯದ ಕಾರಣ ತರಗತಿಯಲ್ಲಿ ಬರಿಗಾಲಲ್ಲೇ ಇರುತ್ತಿದ್ದೆ. ಹಾಗಾಗಿ ಒಂದು ವಿದ್ಯೆ ತಾನಾಗಿ ಕೈಗೂಡಿತು, ಕೈಗಲ್ಲ, ಕಾಲಿಗೆ. ಹೆಬ್ಬೆರಳು ಮತ್ತು ಪಕ್ಕದ ಬೆರಳಿನ ನಡುವೆ ಸುಣ್ಣದ ಕಡ್ಡಿ ಹಿಡಿದು, ಕಾಲನ್ನು ಹಿಂದಕ್ಕೆ ಮಡಚಿ, ಕೈಗೆ ತೆಗೆದುಕೊಳ್ಳುವುದು. ಹದಿನೈದು ದಿನದಲ್ಲಿ ಪಾಠ ನಿಲ್ಲಿಸದೆ ಮಾಡುವಷ್ಟು ಪಳಗಿಬಿಟ್ಟೆ.

ಒಂದು ದಿನ ಇನ್ಸ್‌ಪೆಕ್ಟರರು ಶಾಲೆ ತಪಾಸಣೆಗೆ ಬಂದರು. ವಯಸ್ಸಾದವರು, ಬಹಳ ಗಂಭೀರ ಮನುಷ್ಯ, ಇಸ್ತ್ರಿ ಮಾಡಿದ ಕೋಟು. ನನ್ನ ಮೇಜಿನ ಪಕ್ಕ ನಿಂತು ಹಾಜರಿ ಪುಸ್ತಕ ನೋಡುತ್ತಿದ್ದವರ ಕೈಯಿಂದ ಪೆನ್ನು ಜಾರಿ ಕೆಳಗೆ ಬಿತ್ತು. ನಾನು ಯೋಚಿಸಲೇ ಇಲ್ಲ. ಕಾಲು ತನ್ನಷ್ಟಕ್ಕೆ ಹೋಯಿತು, ಹಿಡಿಯಿತು, ಮಡಚಿತು. ಮರುಕ್ಷಣ ಪೆನ್ನು ನನ್ನ ಕೈಯಲ್ಲಿತ್ತು, "ತಗೊಳ್ಳಿ ಸರ್" ಎಂದು ಕೊಟ್ಟೂ ಬಿಟ್ಟಿದ್ದೆ.

ಅವರು ಪೆನ್ನನ್ನು ನೋಡಿದರು. ನನ್ನ ಕಾಲನ್ನು ನೋಡಿದರು. ಜೇಬಿನಿಂದ ಕರವಸ್ತ್ರ ತೆಗೆದು ಪೆನ್ನನ್ನು ಮೇಲಿಂದ ಕೆಳಗೆ ಒರೆಸಿದರು. ನನ್ನ ಕಿವಿ ಬಿಸಿಯಾಯಿತು. ಅಷ್ಟರಲ್ಲಿ ಹಿಂದಿನಿಂದ ಟಕಟಕ ಸದ್ದು. ತಿರುಗಿದರೆ ಇಡೀ ತರಗತಿ ಪೆನ್ಸಿಲು ಕೆಳಗೆ ಹಾಕಿ, ಕಾಲಿನಿಂದ ಎತ್ತುತ್ತಿದೆ! ಇಷ್ಟು ದಿನ ಅವು ಪಾಠ ನೋಡುತ್ತಿದ್ದವೆಂದು ತಿಳಿದಿದ್ದೆ, ನನ್ನ ಕಾಲನ್ನು ನೋಡುತ್ತಿದ್ದವು.

ವಾರದ ಮೇಲೆ ವರದಿ ಬಂತು. ನನ್ನ ತರಗತಿಯ ಬಗ್ಗೆ ಒಂದೇ ವಾಕ್ಯ: "ಮಕ್ಕಳು ಶಿಕ್ಷಕಿಯ ಹೆಜ್ಜೆಯಲ್ಲಿಯೇ ನಡೆಯುತ್ತಿದ್ದಾರೆ."

ಮುಂದೆ ಮಗು, ಹಿಂದೆ ಅಕ್ಕಿ

ಆಗ ಅಕ್ಕಿಗೆ ರೇಷನ್. ರೇಷನ್ ಅಂಗಡಿಯ ಅಕ್ಕಿಯಲ್ಲಿ ಕಲ್ಲು ಆರಿಸಿದ ಮೇಲೆ ಉಳಿಯುವುದು ವಾಸನೆ ಮಾತ್ರ. ಹೊರಗಿನಿಂದ ಮುಂಬಯಿಯೊಳಗೆ ಅಕ್ಕಿ ತರುವ ಹಾಗಿರಲಿಲ್ಲ. ಆದರೂ ವಸಯಿ, ವಿರಾರ್ ಕಡೆಯಿಂದ ಹೆಂಗಸರು ಸೀರೆಯೊಳಗೆ ಅಕ್ಕಿ ಕಟ್ಟಿಕೊಂಡು, ಬಸುರಿಯರ ಹಾಗೆ ನಡೆಯುತ್ತ ಲೋಕಲ್‌ನಲ್ಲಿ ಬರುತ್ತಿದ್ದರು. ಅವರನ್ನು ಹಿಡಿಯಲು ಸ್ಟೇಷನ್ನುಗಳಲ್ಲಿ ತಪಾಸಣೆಯ ಹೆಂಗಸರು ನಿಂತಿರುತ್ತಿದ್ದರು.

ಇವರ ಅಕ್ಕ ವಸಯಿಯಲ್ಲಿದ್ದರು. ಬಸುರಿಗೆ ಊಟ ಹಾಕಬೇಕೆಂದು ಕರೆದರು. ಹೊರಡುವಾಗ ಮೂರು ಕಿಲೋ ಕುಚ್ಚಲಕ್ಕಿಯ ಚೀಲ ತಂದರು. ನಾನು, "ಬೇಡ ಅಕ್ಕ, ಹಿಡಿಯುತ್ತಾರೆ," ಎಂದೆ.

"ಎಂತ ಹಿಡಿಯುದು? ಅವರು ನೋಡುದು ಹೊಟ್ಟೆಯನ್ನು. ನಿನ್ನ ಹೊಟ್ಟೆ ಖರೇ ಹೊಟ್ಟೆ. ಅಕ್ಕಿ ನಾನು ಹಿಂದೆ ಕಟ್ತೇನೆ," ಎಂದು ನನ್ನನ್ನು ತಿರುಗಿಸಿ ನಿಲ್ಲಿಸಿ, ಚೀಲವನ್ನು ಸೊಂಟದ ಹಿಂಭಾಗಕ್ಕೆ ಬಿಗಿದೇ ಬಿಟ್ಟರು. ಮೇಲೆ ಸೆರಗು ಹೊದೆಸಿದರು. ನಾನು ಬೇಡವೆಂದದ್ದು ಬಾಯಲ್ಲಿ ಮಾತ್ರ. ಗಂಜಿಯ ನೆನಪಿಗೆ ಮನಸ್ಸು ಆಗಲೇ ಹೂಂ ಅಂದಿತ್ತು.

ಬೊರಿವಲಿಯಲ್ಲಿ ಗಾಡಿ ಬದಲಿಸಲು ಇಳಿದೆ. ಪ್ಲಾಟ್‌ಫಾರ್ಮಿನ ಮೇಲೆ ದಪ್ಪ ಕುಂಕುಮದ ತಪಾಸಣೆಯ ಹೆಂಗಸೊಬ್ಬಳು ನನ್ನನ್ನು ತಡೆದಳು. ಮರಾಠಿಯಲ್ಲಿ, "ಎಷ್ಟು ಕಿಲೋ?" ಎಂದಳು.

"ಒಂಬತ್ತನೇ ತಿಂಗಳು," ಎಂದೆ.

"ಎಲ್ಲರಿಗೂ ಒಂಬತ್ತನೆಯದೇ," ಎನ್ನುತ್ತ ನನ್ನ ಹೊಟ್ಟೆಯನ್ನು ಅಂಗೈಯಿಂದ ಒತ್ತಿದಳು. ಒಳಗಿನದು ಅವಳ ಕೈಗೆ ಸರಿಯಾಗಿ ಒಂದು ಒದೆ ಕೊಟ್ಟಿತು. ಅವಳು ಬೆಂಕಿ ಮುಟ್ಟಿದಂತೆ ಕೈ ಎಳೆದುಕೊಂಡಳು. ಮುಖವೆಲ್ಲ ಮೆತ್ತಗಾಯಿತು. "ಅಗಂ ಬಾಈ, ಅಯ್ಯೋ! ತಪ್ಪಾಯ್ತು ತಾಯಿ, ದಿನವೂ ಕಳ್ಳರನ್ನೇ ನೋಡಿ ನೋಡಿ ಹೀಗಾಗಿದೆ," ಎಂದು ನನ್ನ ಕೈ ಹಿಡಿದು ಬೆಂಚಿನ ಮೇಲೆ ಕೂರಿಸಿದಳು. ತನ್ನ ತಂಬಿಗೆಯ ನೀರು ಕೊಟ್ಟಳು. ನಾನು ನಾಚಿಕೆಯಿಂದ ತಲೆ ತಗ್ಗಿಸಿ ಕೂತೆ. ಅವಳು ಅದನ್ನು ಆಯಾಸ ಎಂದುಕೊಂಡಳು. "ಮುಂದೆ ಇಷ್ಟು ಭಾರ ಇದ್ದರೆ ಬೆನ್ನು ನೋಯದೆ ಇರುತ್ತದೆಯೇ?" ಎಂದು ಪ್ರೀತಿಯಿಂದ ನನ್ನ ಬೆನ್ನು ನೀವತೊಡಗಿದಳು.

ಕೈ ಕೆಳಗೆ ಇಳಿಯಿತು. ಸೊಂಟದ ಹತ್ತಿರ ಬಂದು ನಿಂತಿತು. ಒಮ್ಮೆ ಒತ್ತಿತು. ಒಳಗೆ ಅಕ್ಕಿ ಸರಕ್ಕೆಂದಿತು. ಬಂಧನ, ಶಾಲೆ, ಕೆಲಸ, ಅಪ್ಪನ ಹೆಸರು ಎಲ್ಲವೂ ಕಣ್ಣ ಮುಂದೆ ಬಂದವು.

ಅವಳು ಬಗ್ಗಿ ನನ್ನ ಮುಖ ನೋಡಿದಳು. ಆಮೇಲೆ ಸೆರಗನ್ನು ಸರಿಯಾಗಿ ಹೊದೆಸಿ, ಮೆಲ್ಲಗೆ ಹೇಳಿದಳು: "ಅವಳಿ-ಜವಳಿ ಇದ್ದ ಹಾಗಿದೆ. ಜೋಪಾನವಾಗಿ ಹೋಗು."

ಹಲಸಿನ ಬೀಜ

ಗಂಜಿಯ ಆಸೆ ತೀರಿದ ಮೇಲೆ ಹಲಸಿನ ಬೀಜದ ಆಸೆ ಹುಟ್ಟಿತು. ಇವರು ದಾದರ್ ಮಾರ್ಕೆಟಿನಿಂದ ಹುಡುಕಿ ತಂದರು. ಒಂದು ಭಾನುವಾರ ಬೇಯಿಸಿ, ತೆಂಗಿನಕಾಯಿ ಹಾಕಿ ಸುಕ್ಕ ಮಾಡಿ, ಇವರಿಗೆ ನಾಲ್ಕು ಬೀಜ ಬಡಿಸಿ, ಉಳಿದದ್ದನ್ನು ಬಸುರಿಯ ಹಕ್ಕೆಂದು ನಾನೇ ತಿಂದೆ.

ಮೂರು ಗಂಟೆಗೆ ಹೊಟ್ಟೆಯಲ್ಲಿ ನೋವು ಶುರುವಾಯಿತು. ಬರುತ್ತದೆ, ಹೋಗುತ್ತದೆ, ಮತ್ತೆ ಬರುತ್ತದೆ. "ಅಯ್ಯೋ ಅಮ್ಮಾ!" ಎಂದು ಕೂಗಿಕೊಂಡೆ. ನಾವು ಮಾವಶಿ ಎಂದು ಕರೆಯುತ್ತಿದ್ದ ಪಕ್ಕದ ಮನೆಯ ಮರಾಠಿ ಹೆಂಗಸು ಓಡಿ ಬಂದರು. ಹಜಾರದಲ್ಲಿ ಕೇರಂ ಆಡುತ್ತಿದ್ದ ನಾಲ್ವರು ಗಂಡಸರು ಆಟ ಬಿಟ್ಟು, ನನ್ನನ್ನು ಕುರ್ಚಿಯಲ್ಲಿ ಕೂರಿಸಿ, ಕುರ್ಚಿ ಸಮೇತ ಎರಡು ಮಾಳಿಗೆ ಇಳಿಸಿದರು. ಚಾಳಿಗೆ ಚಾಳೇ ಕಟಾಂಜನಕ್ಕೆ ಬಂದು ನಿಂತಿತ್ತು. ಒಬ್ಬರು ಗಣಪತಿಯ ಹೆಸರಿನಲ್ಲಿ ಜೈಕಾರವನ್ನೂ ಹಾಕಿದರು.

ನರ್ಸಿಂಗ್ ಹೋಮಿನ ಡಾಕ್ಟರಮ್ಮ ನನ್ನನ್ನು ಪರದೆಯ ಹಿಂದೆ ಮಲಗಿಸಿದರು. ಪರದೆಯ ಆಚೆ ಇವರು, ಮಾವಶಿ, ಕುರ್ಚಿ ಹೊತ್ತ ನಾಲ್ವರು. ಡಾಕ್ಟರಮ್ಮ ಕಿವಿಗೆ ನಳಿಗೆ ಹಚ್ಚಿ ಕೇಳಿದರು, ಅಲ್ಲಲ್ಲಿ ಒತ್ತಿ ನೋಡಿದರು.

"ಮಧ್ಯಾಹ್ನ ಏನು ತಿಂದೆ?"

"ಹಲಸಿನ ಬೀಜ."

"ಎಷ್ಟು?"

ನಾನು ಉತ್ತರ ಹೇಳಲಿಲ್ಲ. ಅವರು ನನ್ನನ್ನು ಎಡಕ್ಕೆ ಹೊರಳಿಸಿ ಪಕ್ಕೆಯನ್ನು ಸ್ವಲ್ಪ ಒತ್ತಿದರು. ಉತ್ತರ ತಾನಾಗಿ ಬಂತು. ಅಂಥ ಸದ್ದು ನನ್ನಿಂದ ಅದಕ್ಕೆ ಹಿಂದೆ ಬಂದಿರಲಿಲ್ಲ, ಮುಂದೆಯೂ ಬಂದಿಲ್ಲ. ಟ್ರೇಯಲ್ಲಿದ್ದ ಕತ್ತರಿ ನಡುಗಿತು ಎಂದು ಇವರು ಈಗಲೂ ಹೇಳುತ್ತಾರೆ, ಅದು ಸುಳ್ಳು. ಆದರೆ ನೋವು ಮಾತ್ರ ಆ ಕ್ಷಣಕ್ಕೇ ಮಾಯ.

ಪರದೆಯಾಚೆಯಿಂದ ಮಾವಶಿಯ ಆತಂಕದ ದನಿ ಕೇಳಿತು: "ಝಾಲಂ ಕಾ?" ಆಯಿತೇ?

ಡಾಕ್ಟರಮ್ಮ ಕೈ ತೊಳೆಯುತ್ತ ಹೇಳಿದರು, "ಆಯಿತು. ಮನೆಗೆ ಕರೆದುಕೊಂಡು ಹೋಗಿ."

ಹೆಡ್‌ಮಾಸ್ಟರರ ಹೆಸರು

ಆ ಭಾನುವಾರದ ನಂತರ ನಾನು ನಿಶ್ಚಯ ಮಾಡಿದೆ: ಇನ್ನು ಸತ್ತರೂ ನೋವು ಎನ್ನುವುದಿಲ್ಲ. ಚಾಳಿನ ಮೆಟ್ಟಿಲು ಹತ್ತುವಾಗ ಕೇರಂ ಆಡುವವರು ನನ್ನನ್ನು ಕಂಡೊಡನೆ ತಲೆ ಬಗ್ಗಿಸಿ ಸ್ಟ್ರೈಕರ್ ಹುಡುಕುತ್ತಿದ್ದರು. ಆ ಅವಮಾನ ಸಾಕಾಗಿತ್ತು.

ಹತ್ತು ದಿನದ ಮೇಲೆ, ಶಾಲೆಯಲ್ಲಿ ಎರಡನೇ ಪೀರಿಯಡ್ಡಿಗೆ ನೋವು ಬಂತು. ಗ್ಯಾಸು ಎಂದುಕೊಂಡೆ. ಮೂರನೇ ಪೀರಿಯಡ್ಡಿಗೆ ಮೇಜಿನ ಅಂಚು ಹಿಡಿದು, ಹಲ್ಲು ಕಚ್ಚಿ ನಿಂತೆ. ನನಗೆ ಸಿಟ್ಟು ಬಂದಿದೆ ಎಂದು ತಿಳಿದು ಮಕ್ಕಳು ಉಸಿರು ಬಿಗಿಹಿಡಿದು ಕೂತವು. ನಾಲ್ಕನೆಯದರಲ್ಲಿ ಬಾಗಿಲಲ್ಲಿ ಹಾದುಹೋಗುತ್ತಿದ್ದ ಹೆಡ್‌ಮಾಸ್ಟರರು ನನ್ನ ಮುಖ ನೋಡಿ ಒಳಗೆ ಬಂದರು.

ಅವರು ಧಾರವಾಡ ಕಡೆಯವರು, ಐವತ್ತನಾಲ್ಕು ವರ್ಷದ ಬ್ರಹ್ಮಚಾರಿ. ಹೆಂಗಸರ ಮುಂದೆ ಗೋಡೆಯ ಭೂಪಟ ನೋಡಿ ಮಾತಾಡುವಷ್ಟು ಸಂಕೋಚ. ಅಂದು ಕೂಡ ಭೂಪಟವನ್ನೇ ನೋಡಿ ಕೇಳಿದರು, "ಅಕ್ಕೋರ, ಆರಾಮ ಅದೀರಿಲ್ರಿ?"

"ಏನಿಲ್ಲ ಸರ್, ಗ್ಯಾಸು," ಎಂದೆ. ಎಂದವಳು ಹಾಗೇ ಕುರ್ಚಿಯಲ್ಲಿ ಕುಸಿದೆ.

ಟ್ಯಾಕ್ಸಿ ಕರೆಸಿ, ಹತ್ತಿರದ ಒಂದು ಹೆರಿಗೆ ಆಸ್ಪತ್ರೆಗೆ ಅವರೇ ಕರೆದೊಯ್ದರು. ಡ್ರೈವರನ ಪಕ್ಕ ಕೂತು ದಾರಿಯುದ್ದಕ್ಕೂ ರಾಮರಕ್ಷೆ ಹೇಳಿದರು. ಆಸ್ಪತ್ರೆಯವರು ನನ್ನನ್ನು ತಳ್ಳುಗಾಡಿಯ ಮೇಲೆ ಮಲಗಿಸಿ ಒಳಗೆ ತಳ್ಳಿಕೊಂಡು ಹೋದರು. ಕಾಗದ ಹಿಡಿದ ನರ್ಸು ಹೆಡ್‌ಮಾಸ್ಟರರ ಕಡೆ ತಿರುಗಿ, "ನಾವ್ ಸಾಂಗಾ," ಹೆಸರು ಹೇಳಿ, ಎಂದಳು. ಗಾಬರಿಯಲ್ಲಿದ್ದ ಅವರು ಹಾಜರಿ ಹೇಳಿದ ಹಾಗೆ ತಮ್ಮ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಲ್ಲ ಹೇಳಿದರು. ವಯಸ್ಸು ಕೇಳಿದಳು. ಅದನ್ನೂ ಹೇಳಿದರು.

ನರ್ಸು ಬರೆಯುವುದು ನಿಲ್ಲಿಸಿ ತಲೆಯೆತ್ತಿದಳು. "ಐವತ್ತನಾಲ್ಕು? ಒಂಬತ್ತು ತಿಂಗಳ ಹೆಂಡತಿಯನ್ನು ದುಡಿಯಲು ಕಳಿಸುತ್ತೀರಿ! ಈ ವಯಸ್ಸಿಗೆ ನಾಚಿಕೆ ಆಗುವುದಿಲ್ಲವೇ?"

"ಆಗ್ತದ್ರಿ," ಎಂದರಂತೆ ಹೆಡ್‌ಮಾಸ್ಟರರು. ಅದು ನಿಜವೂ ಆಗಿತ್ತು.

ಒಳಗೆ ಡಾಕ್ಟರು ನನಗೆ ಸರಿಯಾಗಿ ಬೈದರು. ಇನ್ನು ಅರ್ಧ ಗಂಟೆ ತಡ ಮಾಡಿದ್ದರೆ ಮಗು ತರಗತಿಯಲ್ಲೇ ಹುಟ್ಟುತ್ತಿತ್ತು, ಕೊರಳಿಗೆ ಹೊಕ್ಕುಳ ಬಳ್ಳಿ ಸುತ್ತಿಕೊಂಡಿತ್ತು, ಏನಾದರೂ ಆಗಿದ್ದರೆ ಯಾರು ಹೊಣೆ ಎಂದರು. ಹೆಣ್ಣು ಮಗು ಅತ್ತಾಗ ನಾನೂ ಅತ್ತೆ. ನಗೆಪಾಟಲಾಗುತ್ತೇನೆಂಬ ಒಂದೇ ಹೆದರಿಕೆಗೆ ನಾನು ಎಂಥದ್ದನ್ನು ಪಣಕ್ಕಿಟ್ಟಿದ್ದೆ! ಆ ನಾಚಿಕೆ ಮಾತ್ರ ನಗುವಂಥದ್ದಲ್ಲ.

ಸಂಜೆ ಇವರು ಓಡೋಡಿ ಬಂದರೆ ನರ್ಸು ಬಾಗಿಲಲ್ಲೇ ತಡೆದಳಂತೆ. "ಯಾರು ಬೇಕು? ಅಪ್ಪ ಒಳಗೇ ಇದ್ದಾರೆ." ಇಣುಕಿದರೆ, ಹೆಡ್‌ಮಾಸ್ಟರರು ಬೆಂಚಿನ ಮೇಲೆ ಪರೀಕ್ಷೆಯ ಪ್ರಶ್ನೆಪತ್ರಿಕೆಯ ಕಟ್ಟು ಹಿಡಿದ ಹಾಗೆ ನಮ್ಮ ಮಗಳನ್ನು ಎರಡೂ ಕೈಯಲ್ಲಿ ಹಿಡಿದು ಅಲ್ಲಾಡದೆ ಕೂತಿದ್ದಾರೆ.

ಮರುದಿನ ನಾನು ಕೇಳಿದೆ, "ಸರ್, ನಾನು ಗಂಡ ಅಲ್ಲ ಅಂತ ಒಂದು ಮಾತು ಹೇಳಬಾರದಿತ್ತೇ?"

ಅವರು ಕಿಟಕಿಯನ್ನು ನೋಡುತ್ತ ಹೇಳಿದರು, "ಗಂಡ ಅಲ್ಲ ಅಂದ್ರ, ಹಂಗಾರ ನೀ ಯಾರು ಅಂತ ಕೇಳ್ತಿದ್ರು ಅಕ್ಕೋರ. ಅದಕ್ಕ ಉತ್ತರ ಹೇಳೂದು ಇನ್ನೂ ಕಠಿಣ."

ಅಲ್ಲಿಗೆ ಮುಗಿಯಲಿಲ್ಲ. ಮೂರು ತಿಂಗಳ ಮೇಲೆ ಜನನದ ದಾಖಲೆ ತರಲು ಇವರು ವಾರ್ಡ್ ಆಫೀಸಿಗೆ ಹೋದರೆ, ತಂದೆಯ ಹೆಸರಿದ್ದಲ್ಲಿ ಹೆಡ್‌ಮಾಸ್ಟರರ ಹೆಸರು! ತಪ್ಪಾಗಿದೆ, ತಿದ್ದಿ ಎಂದರು ಇವರು. ಅಲ್ಲಿಯ ಮುದುಕ ಗುಮಾಸ್ತ, "ಹೆಸರು ಯಾರದಿದೆಯೋ ಅವರೇ ಬಂದು ಹೇಳಬೇಕು. ತಾಯಿಯೂ ಬರಲಿ, ಮಗುವೂ ಬರಲಿ," ಎಂದ.

ಹೋದೆವು. ಹೆಡ್‌ಮಾಸ್ಟರರು ಕರಿಕೋಟು, ಕರಿಟೋಪಿ ಹಾಕಿಕೊಂಡು ಬಂದಿದ್ದರು. ಕೌಂಟರಿನ ಮುಂದೆ ನಿಂತು ಮೆಲ್ಲಗೆ ಏನೋ ಹೇಳಿದರು. ಗುಮಾಸ್ತನಿಗೆ ಕಿವಿ ಮಂದ. "ಗಟ್ಟಿಯಾಗಿ ಹೇಳಿ," ಎಂದ. ಮತ್ತೆ ಹೇಳಿದರು. "ಇನ್ನೂ ಗಟ್ಟಿಯಾಗಿ!"

ಮೂವತ್ತು ವರ್ಷ ಶಾಲೆಯ ಅಂಗಳದಲ್ಲಿ ಪ್ರಾರ್ಥನೆ ಹೇಳಿಸಿದ ಗಂಟಲು. ಹೆಡ್‌ಮಾಸ್ಟರರು ಕಣ್ಣು ಮುಚ್ಚಿ, ಎದೆಯುಬ್ಬಿಸಿ, ಮರಾಠಿಯಲ್ಲಿ ಒಂದೇ ಉಸಿರಿಗೆ ಕೂಗಿದರು: "ಈ ಹುಡುಗಿಯ ಅಪ್ಪ ನಾನಲ್ಲ!"

ಆಫೀಸಿನ ಟೈಪ್‌ರೈಟರುಗಳೆಲ್ಲ ಒಮ್ಮೆಲೇ ನಿಂತವು. ಸಾಲಿನಲ್ಲಿದ್ದವರು ತಿರುಗಿ ಅವರನ್ನು ನೋಡಿದರು, ಆಮೇಲೆ ಮಗು ಎತ್ತಿಕೊಂಡು ನಿಂತಿದ್ದ ನನ್ನನ್ನು ನೋಡಿದರು. ಇವರು ಫ್ಯಾನು ನೋಡುತ್ತಿದ್ದರು. ನಾನು ಸೆರಗನ್ನು ಮೂಗಿನವರೆಗೆ ಎಳೆದುಕೊಂಡೆ.

ಗುಮಾಸ್ತ ಅವಸರವಿಲ್ಲದೆ ಪೆನ್ನನ್ನು ಮಸಿಯಲ್ಲಿ ಅದ್ದಿ, ಬೇಸರದಿಂದ ಹೇಳಿದ:

"ಎಲ್ಲರೂ ಹಾಗೇ ಹೇಳುತ್ತಾರೆ, ಮಾಸ್ತರೇ."