ಒಂದೂವರೆ ಮೀಟರಿನ ಸುಧಾರಣೆ

ಸುಧಾರಣೆ ಎಂಬ ಮಾತು ಕಿವಿಗೆ ಬಿದ್ದರೆ ನನಗೆ ಮೊದಲು ನೆನಪಾಗುವುದು ನನ್ನ ಸೋದರಮಾವನ ಬಾವಿ. ಉಪ್ಪುನೀರಿನ ಊರಲ್ಲಿ ಅದೊಂದೇ ಸಿಹಿನೀರಿನ ಬಾವಿ. ಮಾವ ಅದನ್ನು ಸುಧಾರಿಸಲು ಹೊರಟು ಸುತ್ತ ಕಟ್ಟೆ ಕಟ್ಟಿಸಿದರು, ಕಟ್ಟೆಗೆ ಬಣ್ಣ ಹೊಡೆಸಿದರು, ಮೇಲೆ ಕಬ್ಬಿಣದ ಮುಚ್ಚಳ ಕೂಡಿಸಿ ಕೀಲಿ ಹಾಕಿದರು. ಹಾಕಿದ ಮೇಲೆ ಕೀಲಿಕೈ ಮುಚ್ಚಳದ ಸಂದಿಯಿಂದ ಒಳಗೆ ಬಿತ್ತು. ಮೂರು ದಿನ ಮನೆಮಂದಿಯೆಲ್ಲ ಆ ಚೆಂದದ ಕಟ್ಟೆಯ ಮೇಲೆ ಕೂತು ನಳದ ನೀರಿಗೆ ಕಾದರು. ನಮ್ಮ ಕಡೆ ಯಾವುದನ್ನು ಸುಧಾರಿಸಿದರೂ ಹೀಗೇ. ಅದು ಯಾತಕ್ಕಾಗಿ ಇತ್ತೋ ಅದೊಂದನ್ನು ಬಿಟ್ಟು ಉಳಿದದ್ದೆಲ್ಲ ಚೆನ್ನಾಗಿಬಿಡುತ್ತದೆ. ಇಷ್ಟೆಲ್ಲ ತಿಳಿದೂ ನಾನು ನಮ್ಮ ಗುರಿಕಾರರ ಸಂಘದ ಸುಧಾರಣಾ ಸಮಿತಿಯಲ್ಲಿ ಕೂತೆ. ಹೈಸ್ಕೂಲಿನ ಗುಮಾಸ್ತ ನಾನು. ಶಾಲೆಯಲ್ಲಿ ಗಂಟೆ ಬಾರಿಸುವವನನ್ನೂ ಊರು ಮಾಸ್ತರ ಎಂದೇ ಕರೆಯುವುದರಿಂದ ನನಗೂ ಆ ಹೆಸರು ಅಂಟಿದೆ, ಅಕ್ಷರ ದುಂಡಗಿರುವುದರಿಂದ ಊರಿನ ಪ್ರತಿ ಸಭೆಯ ಠರಾವು ಪುಸ್ತಕವೂ ನನ್ನ ಕೊರಳಿಗೆ ಬಿದ್ದಿದೆ.

ಅಣ್ಣಿಗೇರಿಯಲ್ಲಿ ಗುರಿ ಹೊಡೆಯುವ ಸಂಘ ಯಾಕೆ ಎಂದು ನೀವು ಕೇಳಬಹುದು. ಚುನಾವಣೆ ಬಂದಾಗಲೆಲ್ಲ ಲೈಸೆನ್ಸಿನ ಬಂದೂಕು ಇದ್ದವರು ಅದನ್ನು ಠಾಣೆಗೆ ಒಪ್ಪಿಸಬೇಕಲ್ಲ, ಆ ಸರದಿ ಸಾಲಿನಲ್ಲಿ ಹುಟ್ಟಿದ ಸಂಘ ಇದು. ಹೊಲದ ಹಂದಿ ಹೆದರಿಸಲು ಬಂದೂಕು ಇಟ್ಟುಕೊಂಡಿದ್ದ ಹಿರಿಯರು ಚುನಾವಣೆಯಿಂದ ಚುನಾವಣೆಗೆ ಅಲ್ಲಿ ನಿಂತು ನಿಂತು, ಬೇಸರಕ್ಕೆ ಸಂಘ ಕಟ್ಟಿದರು. ಅವರ ಗುರಿಯ ಬಗ್ಗೆ ಹಂದಿಗಳದ್ದೇನೂ ತಕರಾರು ಇರಲಿಲ್ಲ. ಈಗ ಆ ಬಂದೂಕುಗಳಿಲ್ಲ. ಉಳಿದಿರುವುದು ಒಂದು ಹಳೆಯ ಹತ್ತಿ ಗೋದಾಮು, ನಾಲ್ಕು ಏರ್ ರೈಫಲ್ಲು, ಮತ್ತು ಭಾನುವಾರ ಬಂದು ಗಿರ್ಮಿಟ್ಟು ತಿಂದು ಕೈ ಒರೆಸಿಕೊಂಡು ಹೋಗುವ ಸದಸ್ಯರು. ಮನಸ್ಸಿಟ್ಟು ಹೊಡೆಯುವವರು ಒಬ್ಬರೇ, ಆಸ್ಪತ್ರೆಯ ನರ್ಸು ಕಸ್ತೂರಿ. ರಾಜ್ಯಮಟ್ಟದ ಸ್ಪರ್ಧೆಗೆ ಎರಡು ಸಲ ಹೋಗಿ, ಎರಡೂ ಸಲ ಕೂದಲೆಳೆಯಲ್ಲಿ ಆಯ್ಕೆ ತಪ್ಪಿ ಬಂದವರು. ಈ ಸಲವೂ ಆಗದಿದ್ದರೆ ರೈಫಲ್ಲು ಕೆಳಗಿಡುತ್ತೇನೆ ಎಂದು ಮನೆಯಲ್ಲಿ ಮಾತು ಕೊಟ್ಟಿದ್ದರು. ಸ್ಪರ್ಧೆಗೆ ಎರಡು ತಿಂಗಳಿತ್ತು. ಸರಿಯಾಗಿ ಆಗಲೇ ನಮಗೆ ಸುಧಾರಣೆಯ ಹುರುಪು ಬಂತು.

ಸದಸ್ಯರ ಅನುಕೂಲಕ್ಕೆ ಏನೇನು ಬೇಕು ಎಂದು ಸಭೆಯಲ್ಲಿ ಕೇಳಿದಾಗ ಕಸ್ತೂರಿ ಎದ್ದು ನಿಂತರು. “ಟಾರ್ಗೆಟ್ ಮ್ಯಾಲೆ ಎರಡು ಚೊಲೋ ಬಲ್ಬ್ ಹಾಕ್ರಿ. ಹಿಂದಿನ ಹತ್ತಿ ಚೀಲ ಹರದಾವು, ಬದಲಿ ಮಾಡ್ರಿ. ಅಷ್ಟ ಸಾಕ್ರಿ” ಎಂದರು. ನಾನು ಬರೆದುಕೊಂಡೆ. ಮುಂದಿನ ಎರಡು ತಾಸು ಸೋಫಾದ ಬಣ್ಣದ ಬಗ್ಗೆ ಚರ್ಚೆ ನಡೆಯಿತು. ಕಡಲೆ, ಮೆಣಸಿನಕಾಯಿ ವ್ಯಾಪಾರದ ಈರಪ್ಪ ಸಾಹುಕಾರರು ನಮ್ಮ ಅಧ್ಯಕ್ಷರು. ಅವರು ಜೀವಮಾನದಲ್ಲಿ ಹಿಡಿದ ಗುರಿಯೆಂದರೆ ಅಧ್ಯಕ್ಷಗಿರಿ ಒಂದೇ, ಅದು ಮೊದಲ ಏಟಿಗೇ ಬಿದ್ದಿತ್ತು. ಅವರು ತಮ್ಮ ಬೀಗರನ್ನು ಕರೆತಂದರು. ಬೀಗರು ವಾಸ್ತು ಬಲ್ಲವರು. ಗೋದಾಮಿನ ನಟ್ಟನಡುವೆ ನಿಂತು, ಮೂಗಿಗೆ ಏನೋ ಅಡರಿದವರಂತೆ ಮುಖ ಮಾಡಿ, “ಅಲ್ರಿ, ದಕ್ಷಿಣಕ್ಕ ಮುಖಾ ಮಾಡಿ ಗುರಿ ಹಿಡೀತೀರಿ? ಅದು ಯಮನ ದಿಕ್ಕು. ಯಮಗ ಗುಂಡು ಹೊಡದ ಮಂದಿ ಉದ್ಧಾರ ಆಗ್ತಾರೇನ್ರಿ? ಪೂರ್ವಕ್ಕ ತಿರುಗಸ್ರಿ” ಎಂದರು. ಸರ್ವಾನುಮತದಿಂದ ತಿರುಗಿಸಿದೆವು.

ಗೋದಾಮು ದಕ್ಷಿಣೋತ್ತರ ಹದಿನಾಲ್ಕು ಮೀಟರು, ಪೂರ್ವಪಶ್ಚಿಮ ಎಂಟೂವರೆ. ಏರ್ ರೈಫಲ್ಲಿನ ಗುರಿಗೆ ಬೇಕಾದ ದೂರ ಹತ್ತು. ಇದು ನನಗೆ ಗೊತ್ತಿತ್ತು, ಯಾಕೆಂದರೆ ಟೇಪು ಹಿಡಿದು ಅಳೆದವನು ನಾನೇ. ಹೇಳೋಣ ಎಂದು ಬಾಯಿ ತೆರೆದೆ, ಅಷ್ಟರಲ್ಲಿ ಮಿರ್ಚಿ ಬಜಿ ಬಂತು. ತೆರೆದ ಬಾಯಿಗೆ ಅದನ್ನೇ ಇಟ್ಟುಕೊಂಡೆ.

ಹೀಗೆ ಸುಧಾರಣೆ ಮುಗಿಯಿತು. ಎರಡು ಬದಿಗೆ ಕೆಂಪು ಸೋಫಾಗಳು, ಬಾಗಿಲಿಗೆ ಕಮಾನು, ಕಮಾನಿನ ಮೇಲೆ ಅಧ್ಯಕ್ಷರ ಭಾವಚಿತ್ರ. ಹತ್ತಿ ಚೀಲಗಳು ಅಸಹ್ಯ ಕಾಣುತ್ತವೆಂದು ತೆಗೆಸಿ, ಗುರಿಯ ಹಿಂದೆ ನವಲಗುಂದದ ಹೊಸ ಜಮಖಾನ ಇಳಿಬಿಟ್ಟರು. ಎರಡು ನವಿಲುಗಳ ಸೊಗಸಾದ ನೇಯ್ಗೆ. ಕಾಗದಕ್ಕೆ ತಾಗಿದ ಗುಂಡು ಅದರ ಹಿಂದಿನ ಕಬ್ಬಿಣದ ಡಬ್ಬಿಯೊಳಗೆ ಉಳಿಯುತ್ತದೆ, ಗುರಿ ತಪ್ಪಿದರೆ ನವಿಲಿಗೇ. ಆದ್ದರಿಂದ ಪಕ್ಕದಲ್ಲೊಂದು ಬೋರ್ಡು: ‘ಜಮಖಾನಕ್ಕೆ ತೂತು ಬೀಳದಂತೆ ಹೊಡೆಯಿರಿ.’ ಬಲ್ಬು ಮಾತ್ರ ಬರಲಿಲ್ಲ. ಪೂರ್ವದ ಗೋಡೆಯ ಕಿಂಡಿಯಿಂದ ಸಾಕ್ಷಾತ್ ಸೂರ್ಯನೇ ಬರುವಾಗ ಬಲ್ಬು ಯಾಕೆ ಎಂದರು ಸಾಹುಕಾರರು. ಸೂರ್ಯ ಬಂದ, ನೇರವಾಗಿ ಗುರಿ ಹಿಡಿದವರ ಕಣ್ಣಿಗೇ ಬಂದ. ಹಾಗಾಗಿ ಅಭ್ಯಾಸವನ್ನು ಸಂಜೆ ನಾಲ್ಕಕ್ಕೆ ಮುಂದೂಡಿದೆವು.

ಆದರೆ ಮೊದಲ ಭಾನುವಾರವೇ ಎಲ್ಲರ ಅಂಕ ಏರಿತು. ಕಾಗದ ಎಲ್ಲಿದೆ ಎಂದು ಹುಡುಕುತ್ತಿದ್ದವರು ಕರಿ ಬೊಟ್ಟಿನೊಳಗೆ ಹೊಡೆಯತೊಡಗಿದರು. “ದಿಕ್ಕಿನ ಪ್ರಭಾವ ನೋಡ್ರಿ, ಅಗದಿ ಕೈಗೂಡ್ತು” ಎಂದರು ಸಾಹುಕಾರರು. ದಪ್ಪ ಕನ್ನಡಕದ ನಾನೂ ಹತ್ತು ಗುಂಡಿಗೆ ಏಳು ಸಲ ನಡುಬೊಟ್ಟಿಗೆ ಹೊಡೆದೆ. ಆ ಕಾಗದಕ್ಕೆ ಕಟ್ಟು ಹಾಕಿಸಿ ಪಡಸಾಲೆಯಲ್ಲಿ, ಮನೆದೇವರ ಬಾಜುಕೆ ತೂಗುಹಾಕಿದೆ. ಅದರ ಮೂಲೆಯಲ್ಲಿ ನನ್ನ ದುಂಡನೆಯ ಅಕ್ಷರದಲ್ಲಿ ‘ದೂರ: ಹತ್ತು ಮೀಟರ್’ ಎಂದಿದೆ. ಹಿಂದಿನ ಕಾಗದಗಳ ಮೇಲೆಲ್ಲ ಹಾಗೆ ಬರೆದು ಬರೆದು ಕೈಗೆ ರೂಢಿಯಾಗಿತ್ತು ಎಂದು ಬೇಕಾದರೆ ನೀವು ನಂಬಬಹುದು.

ಹೆಚ್ಚಿದ ಅಂಕ ನೋಡಿ ಹಿಗ್ಗದವರು ಕಸ್ತೂರಿ ಒಬ್ಬರೇ. ನನ್ನ ಮುಂದೆ ಬಂದು ನಿಂತು, “ಮಾಸ್ತರ, ವಾರದಾಗ ಬಿಪಿನೂ ಇಷ್ಟು ಸುಧಾರಸೂದಿಲ್ಲ. ಟೇಪ್ ಕೊಡ್ರಿ ಇಲ್ಲೆ” ಎಂದರು. ಮನೆಯಲ್ಲಿದೆ ಎಂದೆ. ಅದು ನನ್ನ ಜೇಬಿನಲ್ಲೇ ಇತ್ತು. ಅವರು ತಮ್ಮ ಚೀಲದಿಂದ ನಾಲ್ಕು ಮೀಟರಿನ ಎರಡು ಬ್ಯಾಂಡೇಜು ಸುತ್ತು ತೆಗೆದು, ಒಂದಕ್ಕೊಂದು ಗಂಟು ಹಾಕಿ, ನೆಲದ ಮೇಲೆ ಉದ್ದಕ್ಕೆ ಹಾಸಿದರು. ಎರಡೂ ಸುತ್ತು ಮುಗಿದ ಮೇಲೆ ಗೋಡೆಗೆ ಉಳಿದದ್ದು ಬರೀ ಒಂದು ಮೊಳ. ರೋಗ ಪತ್ತೆಯಾಯಿತು.

ತುರ್ತು ಸಭೆ ಸೇರಿತು. ಸಾಹುಕಾರರು ಸೋಫಾದಲ್ಲಿ ಒರಗಿ, “ಒಂದೂವರಿ ಮೀಟರ್ ಏನ್ ಮಹಾ ಬಿಡು ತಂಗಿ. ಅಲ್ಲಿ ಹ್ವಾದಾಗ ನೀನೂ ಒಂದೂವರಿ ಮೀಟರ್ ಮುಂದ ಹೋಗಿ ನಿಂದ್ರು” ಎಂದರು.

“ಅಲ್ಲಿ ಗೆರಿ ದಾಟಿದ್ರ ಮನಿಗೆ ಕಳಸ್ತಾರ್ರಿ ಸಾಹುಕಾರ್ರ. ಮೊದಲಿನಂಗ ದಕ್ಷಿಣಕ್ಕ ಮಾಡ್ರಿ.”

“ಅದು ಯಮನ ದಿಕ್ಕು.”

“ನಾ ದಿನಾ ಆಸ್ಪತ್ರ್ಯಾಗ ಅವನ ಮುಖಾನ ನೋಡ್ತೀನ್ರಿ. ಪರಿಚಯ ಐತಿ.”

ಸೋಫಾಗಳನ್ನು ಮತ್ತೆ ಎತ್ತಿಡುವವರು ಯಾರು ಎಂಬ ಪ್ರಶ್ನೆ ಬಂತು. ಯಾರೂ ಅಲ್ಲ ಎಂಬ ಉತ್ತರವೂ ಬಂತು. ನಾನು ‘ವಿಷಯವನ್ನು ದೀರ್ಘವಾಗಿ ಚರ್ಚಿಸಲಾಯಿತು’ ಎಂದು ಬರೆದೆ. ಕಸ್ತೂರಿ ರೈಫಲ್ಲು ಎತ್ತಿಕೊಂಡು, ಎಷ್ಟೋ ವರ್ಷದಿಂದ ಮುಚ್ಚಿದ್ದ ಪಶ್ಚಿಮದ ಬಾಗಿಲಿನ ಅಗಳಿ ಸರಿಸಿ ಹೊರಗೆ ಕಾಲಿಟ್ಟರು.

ಆ ಬಾಗಿಲ ಹೊರಗೆ ಗೌರವ್ವನ ಅಂಗಳ. ಎರಡು ಎಮ್ಮೆ ಕಟ್ಟಿ ಹಾಲು ಮಾರುವ ಹೆಂಗಸು. ನಮ್ಮ ಚಹಾದ ಹಾಲೂ ಅವಳದೇ. ಕಸ್ತೂರಿ ಬಾಗಿಲಿಂದ ಒಂದೂವರೆ ಮೀಟರು ಹಿಂದೆ ಸುಣ್ಣದ ಗೆರೆ ಎಳೆಯುವುದನ್ನು ಸೊಂಟದ ಮೇಲೆ ಕೈಯಿಟ್ಟು ನೋಡಿದಳು.

“ಏನ್ ಬೇ, ನಮ್ಮ ಎಮ್ಮಿಗೆ ತಗಲೂದಿಲ್ಲಲ್ಲ?”

“ಇಲ್ಲ ಬೇ. ಎಮ್ಮಿ ನನ್ನ ಹಿಂದ ಇರ್ತಾವ, ಗುಂಡು ಮುಂದ ಹೋಕ್ಕೈತಿ.”

“ಹಂಗಾರ ಹೊಡಿ. ಹಾಲು ಹಿಂಡೂ ಹೊತ್ತಿನ್ಯಾಗ ಮಾತ್ರ ಟಪ್ ಟಪ್ ಅನಸಬ್ಯಾಡ, ತೊರಿ ಬಿಡೂದಿಲ್ಲ ಅವು. ಮತ್ತ ವಾರಕ್ಕೊಮ್ಮಿ ನನ್ನ ಬಿಪಿ ನೋಡಬೇಕು.”

ಎರಡು ತಾಸಿನ ನಮ್ಮ ಸಭೆಯಲ್ಲಿ ಆಗದ ತೀರ್ಮಾನ ಅರ್ಧ ನಿಮಿಷದಲ್ಲಿ ಆಯಿತು. ಆದರೆ ಕಸ್ತೂರಿ ಹೊರಗಿಂದ ಹೊಡೆಯುವಾಗ ರೈಫಲ್ಲಿನ ಮುಂದೆ ಯಾರೂ ಇರಕೂಡದು. ಹೀಗಾಗಿ ಅವರು ಗುರಿ ಹಿಡಿದಾಗಲೆಲ್ಲ ಅಧ್ಯಕ್ಷರಾದಿಯಾಗಿ ನಾವೆಲ್ಲ ಸೋಫಾ ಬಿಟ್ಟೆದ್ದು ಅಂಗಳಕ್ಕೆ ಬಂದು, ಸಗಣಿಯ ತಿಪ್ಪೆಗೂ ಎಮ್ಮೆಯ ಬಾಲಕ್ಕೂ ನಡುವೆ ಗಿರ್ಮಿಟ್ಟಿನ ತಟ್ಟೆ ಹಿಡಿದು ನಿಲ್ಲಬೇಕಾಯಿತು. ಸುಧಾರಿಸಿದ ರೇಂಜು ಒಳಗೆ ಖಾಲಿ ಹೊಡೆಯುತ್ತಿತ್ತು. ಸದಸ್ಯರ ಅನುಕೂಲಕ್ಕೆ ಕೊನೆಗೂ ಒದಗಿದ್ದು ಆ ಅಂಗಳ.

ಕಸ್ತೂರಿ ಸ್ಪರ್ಧೆಗೆ ಹೋದರು, ಈ ಸಲ ಆಯ್ಕೆಯಾಗಿ ಬಂದರು. ‘ನವೀಕೃತ ರೇಂಜಿನ ಪ್ರಥಮ ಫಲ’ ಎಂದು ಬ್ಯಾನರು ಕಟ್ಟಿ ಶಾಲು ಹೊದಿಸಿದೆವು. ಅವರು ಎದ್ದು, “ಗೌರವ್ವಗ, ಆಕಿ ಎಮ್ಮಿಗೆ ಶರಣು” ಎಂದಷ್ಟೇ ಹೇಳಿ ಕೂತರು. ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದವರು ಸಾಹುಕಾರರು. ಮನುಷ್ಯನಿಗೆ ನಾಚಿಕೆಯಿಲ್ಲದಿದ್ದರೆ ಆರೋಗ್ಯ ಎಷ್ಟು ಚೆನ್ನಾಗಿರುತ್ತದೆ ಎಂದುಕೊಂಡೆ.

ಮರುದಿನ ಕಸ್ತೂರಿ ಫೇಡೆ ಹಂಚುತ್ತ ನಮ್ಮ ಮನೆಗೂ ಬಂದರು. ಪಡಸಾಲೆಯ ಗೋಡೆ ನೋಡಿದರು, ಕಟ್ಟಿನ ಹತ್ತಿರ ಹೋಗಿ ಮೂಲೆಯ ಅಕ್ಷರವನ್ನೂ ಓದಿದರು. “ಚೊಲೋ ಬಿದ್ದಾವ್ರಿ ಮಾಸ್ತರ. ಇದು ಒಳಗಿಂದೋ, ಹೊರಗಿಂದೋ?” ಎಂದು ಮೆಲ್ಲಗೆ ಕೇಳಿದರು. ನಾನು ಬಾಯಿಗೆ ಫೇಡೆ ಹಾಕಿಕೊಂಡೆ. ಅವರು ಹೋದ ಮೇಲೆ ನನ್ನ ಹೆಂಡತಿ, “ಒಳಗಿಂದು ಅಂದ್ರೇನ್ರಿ?” ಎಂದಳು. ಇಪ್ಪತ್ತೈದು ವರ್ಷದ ಸಂಸಾರದಲ್ಲಿ ಇಷ್ಟು ಕಷ್ಟದ ಪ್ರಶ್ನೆಯನ್ನು ಅವಳು ಕೇಳಿರಲಿಲ್ಲ.

ಶನಿವಾರ ಸಂಜೆ, ಯಾರೂ ಇಲ್ಲದ ಹೊತ್ತಿನಲ್ಲಿ, ನಾನು ಒಬ್ಬನೇ ಹೋಗಿ ಸುಣ್ಣದ ಗೆರೆಯ ಹಿಂದೆ ನಿಂತೆ. ಹತ್ತು ಗುಂಡು ಹೊಡೆದೆ. ಮೂರು ಕಾಗದಕ್ಕೆ ತಾಗಿದವು. ಆರು ಗೋಡೆಯ ಪಾಲಾದವು. ಉಳಿದ ಒಂದು ಎಡಗಡೆಯ ನವಿಲಿನ ಕಣ್ಣಿನಲ್ಲಿ ಹೊಕ್ಕಿತು.

ಭಾನುವಾರದ ಸಭೆಯಲ್ಲಿ ಅಧ್ಯಕ್ಷರು ಅದನ್ನು ಕಂಡು ಯಾರ ಕೆಲಸವೆಂದು ಕೇಳಿದರು. ಎಲ್ಲರೂ ಎಲ್ಲರನ್ನೂ ನೋಡಿದರು. ಒಂದೂವರೆ ಮೀಟರನ್ನು ನುಂಗಿದ ಸಂಘಕ್ಕೆ ಒಂದು ತೂತು ಭಾರವಾಗಬಾರದೆಂದು ನಾನು ಪೆನ್ನು ಎತ್ತಿ, ಬರೆದಷ್ಟನ್ನೂ ಗಟ್ಟಿಯಾಗಿ ಓದಿದೆ: “ಜಮಖಾನವನ್ನು ಇಲಿ ಕಡಿದಿರುವುದು ಕಂಡುಬಂದಿದ್ದು, ಬೋನು ಇಡಲು ತೀರ್ಮಾನಿಸಲಾಯಿತು.” ಎಲ್ಲರೂ ಒಪ್ಪಿದರು.

ಚಹಾಕ್ಕೆ ಹಾಲು ತಂದ ಗೌರವ್ವ ಪಶ್ಚಿಮದ ಬಾಗಿಲಲ್ಲಿ ನಿಂತಿದ್ದಳು. “ಖರೇ ಐತ್ರಿ” ಎಂದಳು. “ನಿನ್ನಿ ಸಂಜಿಮುಂದ ನಾನೂ ನೋಡಿದೆ. ನಮ್ಮ ಅಂಗಳದಾಗ ನಿಂತಿತ್ತು, ಕನ್ನಡಕ ಹಾಕ್ಕೊಂಡು.”

ನಾನು ಕನ್ನಡಕ ತೆಗೆದು ಜೇಬಿಗಿಟ್ಟುಕೊಂಡೆ. ಅಕ್ಷರ ಕಾಣದಾಗಿ, ಆಕೆಯ ಮಾತನ್ನು ಠರಾವು ಪುಸ್ತಕದಲ್ಲಿ ದಾಖಲಿಸಲಾಗಲಿಲ್ಲ.