ತಾನೇ ತುಂಬುವ ಟ್ಯಾಂಕು

ಸಂಜೆ ಬರಿದು ಮಾಡಿದ ನೀರಿನ ಟ್ಯಾಂಕು ಬೆಳಗಾಗುವಷ್ಟರಲ್ಲಿ ತಾನೇ ತುಂಬಿಕೊಳ್ಳುತ್ತಿತ್ತು. ಚೌಕಟ್ಟಣ್ಣನ ಹೆಂಡತಿ ತವರಿಗೆ ಹೊರಟುಹೋದದ್ದು ಅದಕ್ಕೇ.

ಅವನ ನಿಜವಾದ ಹೆಸರು ಆ ವಠಾರದಲ್ಲಿ ಯಾರಿಗೂ ನೆನಪಿರಲಿಲ್ಲ. ತೀರಿಕೊಂಡವರ ಫೋಟೋಗಳಿಗೆ ಕಟ್ಟು ಹಾಕುವುದು ಅವನ ಕೆಲಸ. ವಾಸ, ಚಕ್ರಗಳ ಮೇಲಿನ ಒಂದು ಹಳೆಯ ಮನೆಗಾಡಿಯಲ್ಲಿ. ಅಂಥ ಗಾಡಿಗಳು ಆ ಬಯಲಿನಲ್ಲಿ ಸಾಲಾಗಿ ನಿಂತಿದ್ದವು, ಎಂದೋ ಎಲ್ಲಿಗೋ ಹೊರಟು ಮರೆತುಬಿಟ್ಟವರ ಹಾಗೆ. ಅವನ ಗಾಡಿಯ ನಲ್ಲಿ ಮಾತ್ರ ಯಾರೂ ಮುಟ್ಟದಿದ್ದರೂ ನಿಟ್ಟುಸಿರು ಬಿಡುತ್ತಿತ್ತು. ಮಂಚದ ಕೆಳಗಿನ ಪಂಪು ಇದ್ದಕ್ಕಿದ್ದಂತೆ ಟಕ್ ಟಕ್ ಎಂದು, ಬಾಗಿಲು ಬಡಿದು ಕಾಯುವವರಂತೆ ಸುಮ್ಮನಾಗುತ್ತಿತ್ತು.

"ಸಾಯಂಕಾಲದ ಬಸ್ಸಿಗೆ ಬರ್ತೀನಿ," ಎಂದು ಹೆಂಡತಿ ಬೆಳಿಗ್ಗೆ ಫೋನಿನಲ್ಲಿ ಹೇಳಿದಳು. "ಒಂದೇ ಒಂದು ಸಲ ಅದು ಉಸಿರಾಡಿದ್ದು ಕೇಳಿಸಿದ್ರೆ ಹಾಗೇ ವಾಪಸ್. ಆಮೇಲೆ ನೀವುಂಟು, ಅದುಂಟು."

ಅವಳು ಹೋದ ಮೇಲೆ ಅವನು ಫೋಟೋದಲ್ಲಿರುವವರ ಜೊತೆ ಮಾತಾಡುವುದಕ್ಕೆ ಶುರುಮಾಡಿದ್ದ. ಅವರು ಉತ್ತರ ಕೊಡುವುದಕ್ಕೆ ಮುಂಚೆ ಅವಳು ಬಂದುಬಿಟ್ಟರೆ ಸಾಕಿತ್ತು.

ಪಕ್ಕದ ಗಾಡಿಯ ಡ್ರೈವರ್ ಮಾವ ಕರೆಯದೆಯೇ ಒಳಗೆ ಬಂದರು. ಬಸ್ಸು ಓಡಿಸುವುದು ಬಿಟ್ಟು ಎಷ್ಟೋ ವರ್ಷವಾಗಿದ್ದರೂ, ಮಾತಿನ ನಡುವೆ ಹಿಂದೆ ಯಾರು ಬರುತ್ತಿದ್ದಾರೆಂದು ಕತ್ತು ಹೊರಳಿಸುವ ಚಟ ಅವರನ್ನು ಬಿಟ್ಟಿರಲಿಲ್ಲ.

"ದೆವ್ವ ಅಲ್ಲ ಕಣಯ್ಯ, ವಾಲ್ವು. ಹೊರಗಿನ ಪೈಪಿಂದ ಬಂದ ನೀರು ನಲ್ಲಿಗೆ ಹೋಗ್ಬೇಕು. ಪಂಪಿನೊಳಗೆ ನುಗ್ಗಿ ಹಿಂದಕ್ಕೆ ಟ್ಯಾಂಕಿಗೆ ಹೋಗ್ಬಾರ್ದು. ಅದನ್ನ ತಡೆಯೋಕೆ ಒಂದು ವಾಲ್ವು ಇರುತ್ತೆ, ಟಾಕೀಸಿನ ಬಾಗಿಲಲ್ಲಿ ನಿಲ್ತಾನಲ್ಲ, ಅವನ ಥರ. ಒಳಗೆ ಬಿಡ್ತಾನೆ, ಅದೇ ಬಾಗಿಲಲ್ಲಿ ಹೊರಗೆ ಬಿಡಲ್ಲ. ನಿನ್ನೋನು ನಿದ್ದೆ ಹೊಡೀತಿದಾನೆ."

"ಎಲ್ಲಿರ್ತಾನೆ ಮಾವ?"

"ಅದನ್ನೇ ಹುಡುಕ್ಬೇಕು."

ಮೊದಲು ಗೋಡೆಯಲ್ಲಿ ಪೈಪು ಸೇರುವ ಕಡೆ ಬಿಚ್ಚಿದರು. ನೀರು ಚಿಮ್ಮಿ ಡ್ರೈವರ್ ಮಾವನ ಕನ್ನಡಕ ತೊಳೆಯಿತು. ಅಲ್ಲಿದ್ದ ವಾಲ್ವು ಸರಿಯಾಗಿಯೇ ಇತ್ತು. ಗೀಸರಿನ ಹಿಂದಿನದೂ ಎಚ್ಚರವಾಗಿತ್ತು. ಅಷ್ಟರಲ್ಲಿ ಎದುರಿನ ಟೈಲರಕ್ಕ ಕುತ್ತಿಗೆಗೆ ಟೇಪು ಹಾಕಿಕೊಂಡೇ ಬಾಗಿಲಿಗೆ ಬಂದು ನಿಂತಳು.

"ಈ ಗಾಡಿಯ ಹಿಂದಿನ ಮಾಲೀಕ ನೀರು, ನೀರು ಅಂತಾನೇ ಪ್ರಾಣ ಬಿಟ್ನಂತೆ. ಅವನೇ ತುಂಬಿಸ್ಕೋತಿದಾನೆ, ಪಾಪ."

"ಬಾಯಾರಿದ್ರೆ ಕುಡೀಲಿ ಅಕ್ಕ. ಟ್ಯಾಂಕು ಯಾಕೆ ತುಂಬಿಸ್ಬೇಕು?"

"ನಾಳೆಗೆ," ಎಂದಳು ಟೈಲರಕ್ಕ, ತೀರಾ ಸಹಜವಾಗಿ.

ಕೊನೆಗೆ ಚೌಕಟ್ಟಣ್ಣ ಮಂಚದ ಕೆಳಗೆ ತೆವಳಿದ. ಪಂಪಿನ ಬಾಯಿಗೆ ಅಂಟಿಕೊಂಡಿದ್ದ, ಹೆಬ್ಬೆರಳಿನಷ್ಟು ದಪ್ಪದ ಇನ್ನೊಂದು ವಾಲ್ವು ಸಿಕ್ಕಿತು; ಬಿಚ್ಚಿ ತೆಗೆದ.

"ಬಾಣದ ಗುರುತಿರೋ ದಿಕ್ಕಿಗೆ ಊದು, ಗಾಳಿ ಹೋಗ್ಬೇಕು," ಎಂದರು ಮಾವ. "ತಿರುಗಿಸಿ ಊದಿದ್ರೆ ಹೋಗ್ಬಾರ್ದು."

ಎರಡೂ ಕಡೆಯಿಂದ ಹೋಯಿತು. ಒಳಗಿನ ಮುಚ್ಚಳದ ಅಂಚಿಗೆ ಮರಳಿನ ಒಂದೇ ಒಂದು ಹರಳು ಸಿಕ್ಕಿಕೊಂಡಿತ್ತು. ತೆಗೆದು, ತೊಳೆದು, ತಿರುಗಿಸಿ ಊದಿದ. ಕೆನ್ನೆ ಬೋಂಡಾದಂತೆ ಉಬ್ಬಿತೇ ಹೊರತು ಗಾಳಿ ಮುಂದೆ ಹೋಗಲಿಲ್ಲ. ಆಗ, ಬಿಚ್ಚಿಟ್ಟ ಪೈಪಿನೊಳಗಿಂದ ತಣ್ಣನೆಯ ಉಸಿರೊಂದು ಅವನ ಮುಖಕ್ಕೆ ತಾಗಿತು.

"ಮಾವ, ಊದಿದ್ದು ನೀವಾ?"

"ನಾನು ಹೊರಗಿದೀನಪ್ಪ," ಎಂಬ ದನಿ ಕಿಟಕಿಯಾಚೆಯಿಂದ ಬಂತು.

ಅವನು ಮತ್ತೇನೂ ಕೇಳದೆ ವಾಲ್ವು ಬಿಗಿದು, ಟ್ಯಾಂಕು ಬರಿದು ಮಾಡಿ, ಹೊರಗಿನ ಪೈಪಿನ ನೀರು ಬಿಟ್ಟ. ಟ್ಯಾಂಕು ಬರಿದಾಗಿಯೇ ಉಳಿಯಿತು.

ಸಂಜೆ ಹೆಂಡತಿ ಬಂದವಳು ಬ್ಯಾಗು ಹಿಡಿದೇ ನಲ್ಲಿಗೆ ಕಿವಿಯಿಟ್ಟಳು. ನಿಶ್ಶಬ್ದ. ಬ್ಯಾಗು ಕೆಳಗಿಟ್ಟಳು. ಟೀ ಕಾಸಿ ಎರಡು ಲೋಟಕ್ಕೆ ಬಗ್ಗಿಸುವಷ್ಟರಲ್ಲಿ ಡ್ರೈವರ್ ಮಾವ ಬಾಗಿಲು ತಟ್ಟಿದರು.

"ನಮ್ಮನೆ ನಲ್ಲಿ ಉಸಿರು ಬಿಡ್ತಿದೆ ಕಣಯ್ಯ. ಟ್ಯಾಂಕು ಬೇರೆ ತುಂಬ್ತಿದೆ."

ಚೌಕಟ್ಟಣ್ಣ ನಕ್ಕ. "ಇಲ್ಲಿ ದಾರಿ ಮುಚ್ಚಿತಲ್ಲ ಮಾವ, ಒತ್ತಡ ನಿಮ್ಮ ಕಡೆ ತಿರುಗಿದೆ. ನಿಮ್ಮ ವಾಲ್ವಲ್ಲೂ ಮರಳಿರುತ್ತೆ." ಹೆಂಡತಿ ಅವನನ್ನು ಮದುವೆಯಾದಂದಿನಿಂದ ಅಷ್ಟು ಮೆಚ್ಚುಗೆಯಿಂದ ನೋಡಿರಲಿಲ್ಲ. ಅವನು ಎದೆಯುಬ್ಬಿಸಿ ಹೋಗಿ, ಅವರದನ್ನೂ ತೊಳೆದು ಬಂದ. ಅಲ್ಲಿಯೂ ಎಲ್ಲ ತಣ್ಣಗಾಯಿತು.

ಕೂರುವಷ್ಟರಲ್ಲಿ ಟೈಲರಕ್ಕ ಬಂದಳು. "ಈಗ ನಮ್ಮಲ್ಲಿಗೆ ಬಂದಿದೆಯಪ್ಪ. ಉಸಿರಾಡ್ತಿದೆ."

"ಹೆದರ್ಬೇಡಿ ಅಕ್ಕ, ಬಂದೆ." ಅವನು ಸ್ಪ್ಯಾನರು ಎತ್ತಿಕೊಂಡ. "ನಿಮ್ಮ ಪಂಪು ಎಲ್ಲಿದೆ?"

"ಪಂಪಾ? ಹೊಲಿಗೆ ಮಿಷಿನ್ನು ಬಿಟ್ರೆ ನನ್ನ ಗಾಡೀಲಿ ಏನಿದೆಯಪ್ಪ? ನಲ್ಲೀನೇ ಇಲ್ಲ." ಅವಳ ಕೈಯಲ್ಲಿದ್ದ ಅರ್ಧ ಹೊಲಿದ ಅಂಗಿಯಿಂದ ನೀರು ತೊಟ್ಟಿಕ್ಕುತ್ತಿತ್ತು.

ಹೆಂಡತಿ ಎದ್ದು ಬ್ಯಾಗು ಎತ್ತಿಕೊಂಡಳು.

"ನಿನ್ನ ವಾಲ್ವು ಮೊದಲಿನ ಹಾಗೇ ಮಾಡಿಬಿಡಯ್ಯ," ಎಂದರು ಟೈಲರಕ್ಕನ ಜೊತೆ ಬಂದಿದ್ದ ಡ್ರೈವರ್ ಮಾವ, ಒಮ್ಮೆ ಹಿಂದೆ ತಿರುಗಿ ನೋಡಿ. "ಅದಕ್ಕೂ ಅಭ್ಯಾಸ ಆದ ಜಾಗ. ಅಲ್ಲೇ ಇರ್ಲಿ."

ಟೈಲರಕ್ಕನೂ ಅದೇ ಸರಿ ಎಂದಳು. ಚೌಕಟ್ಟಣ್ಣ ಅಂಗಳದಲ್ಲಿ ಕುಕ್ಕುರುಗಾಲಲ್ಲಿ ಕೂತು, ಹದವಾದ ಮರಳಿನ ಹರಳೊಂದನ್ನು ಆರಿಸಿದ. ಮತ್ತೆ ಮಂಚದ ಕೆಳಗೆ ತೆವಳಿ, ಅದನ್ನು ವಾಲ್ವಿನೊಳಗೆ ಮೊದಲಿನ ಜಾಗದಲ್ಲೇ ಕೂರಿಸಿ ಬಿಗಿದ. ಟ್ಯಾಂಕು ಗುಳುಗುಳು ಎನ್ನತೊಡಗಿತು.

"ಹೋಯ್ತು ಕಣಪ್ಪ, ನಿನ್ನಿಂದ ಉಪಕಾರ ಆಯ್ತು," ಎಂದು ಟೈಲರಕ್ಕ ತನ್ನ ಗಾಡಿಯಿಂದಲೇ ಕೂಗಿದಳು. ದೂರದಲ್ಲಿ ಹೆಂಡತಿಯ ಬಸ್ಸು ಹೊರಟ ಸದ್ದಾಯಿತು.

ಅವನು ಧೂಳು ಕೊಡವಿಕೊಂಡು ಮೇಜಿನ ಬಳಿ ಬಂದ. ಅವನ ಟೀ ಆರಿ ಕೆನೆಗಟ್ಟಿತ್ತು. ಹೆಂಡತಿ ಮುಟ್ಟದೆಯೇ ಬಿಟ್ಟುಹೋದ ಲೋಟ ಮಾತ್ರ ಪೂರ್ತಿ ಖಾಲಿಯಾಗಿತ್ತು.

ನಲ್ಲಿ ತೃಪ್ತಿಯಿಂದ ಉಸಿರು ಬಿಟ್ಟಿತು.