ಹಿಂದಕ್ಕೆ ಹೋಗದ ಕ್ಯಾರವಾನ್

ಎರೆಮಣ್ಣಿನ ದಾರಿ ನೆನೆದಿರುವಾಗ ಅದರ ಮೇಲೆ ಗಾಡಿ ಓಡಿಸಿದರೆ ಗಾಲಿ ಮುಳುಗುವಷ್ಟು ಹಳ್ಳ ಬೀಳುತ್ತದೆ. ಬಿಸಿಲು ಬಿದ್ದ ಮೇಲೆ ಆ ಹಳ್ಳ ಕಲ್ಲಾಗುತ್ತದೆ. ಇದು ಮೂರನೆಯ ಕ್ಲಾಸಿನ ಮಕ್ಕಳಿಗೂ ಗೊತ್ತು. ನಿಮಗೂ ಗೊತ್ತು. ಗೊತ್ತಿದ್ದೂ ಓಡಿಸುತ್ತೀರಿ, ಕ್ಲೈವ್ ಡನ್‌ಸ್ಟನ್ ಓಡಿಸಿದ ಹಾಗೆ.

ಕ್ಲೈವ್ ಅಂದರೆ ಸಾಮಾನ್ಯ ಮನುಷ್ಯನಲ್ಲ. ಆಸ್ಟ್ರೇಲಿಯಾದ ಜೀಲಾಂಗ್‌ನಲ್ಲಿ ಮೂವತ್ತು ವರ್ಷ ಪಾರ್ಕಿಂಗ್ ಇನ್ಸ್‌ಪೆಕ್ಟರ್ ಆಗಿದ್ದವನು! ಗೆರೆಯಿಂದ ಒಂದು ಗೇಣು ಆಚೆ ನಿಂತ ಕಾರಿಗೂ ದಂಡದ ಚೀಟಿ ಅಂಟಿಸಿದ ಧರ್ಮರಾಯ. ಪಾದ್ರಿಯನ್ನೂ ಬಿಡಲಿಲ್ಲ, ಹೆಣ ಸಾಗಿಸುವ ಗಾಡಿಯನ್ನೂ ಬಿಡಲಿಲ್ಲ, ಸ್ವಂತ ಅತ್ತೆಯನ್ನಂತೂ ಹುಡುಕಿಕೊಂಡು ಹೋಗಿ ಹಿಡಿದ. "ಈ ದೇಶದಲ್ಲಿ ಫಲಕ ಓದೋಕೆ ಬರೋನು ನಾನೊಬ್ಬನೇ" ಎಂಬುದು ಅವನ ವೇದವಾಕ್ಯ. ನಿವೃತ್ತನಾದವನೇ ಬಿಳಿಯಾನೆಯಂಥ ಕ್ಯಾರವಾನ್, ಅಂದರೆ ಗಾಲಿಯ ಮೇಲಿನ ಮನೆ, ಕೊಂಡು ಕಾರಿನ ಬಾಲಕ್ಕೆ ಕಟ್ಟಿ ಘೋಷಿಸಿದ:

"ಮೆರಿಲ್, ಈ ಸೆಪ್ಟೆಂಬರ್‌ನ ವಸಂತಕ್ಕೆ ಖಂಡದ ಹೊಕ್ಕುಳಿಗೇ ಹೋಗಿ ಬರೋಣ. ಮಳೆ ಬರಲಿ, ಗುಡುಗು ಬರಲಿ, ನಮ್ಮನ್ನ ತಡೆಯೋನು ಇನ್ನೂ ಹುಟ್ಟಿಲ್ಲ!"

ಹೆಂಡತಿ ಮೆರಿಲ್‌ಗೆ ಒಂದು ಗುಟ್ಟು ಗೊತ್ತಿತ್ತು. ಗಾಡಿ ಎಲ್ಲಿ ಹೇಗೆ ನಿಲ್ಲಿಸಬೇಕೆಂದು ಊರಿಗೆಲ್ಲ ಪಾಠ ಹೇಳಿದ ಈ ಮಹಾನುಭಾವನಿಗೆ ಕ್ಯಾರವಾನನ್ನು ಹಿಂದಕ್ಕೆ ತೆಗೆಯಲು ಬರುವುದಿಲ್ಲ! ಹಿಂದೆ ಹೋಗುವಾಗ ನೀವು ಸ್ಟೀರಿಂಗನ್ನು ಎಡಕ್ಕೆ ತಿರುಗಿಸಿದರೆ ಅದು ಬಲಕ್ಕೆ ಹೋಗುತ್ತದೆ. ಅದರ ಜಾತಿಯೇ ಅಂಥದ್ದು. ಬೇರೆಯವರು ಅದನ್ನು ಕಲಿತುಕೊಳ್ಳುತ್ತಾರೆ. ಕ್ಲೈವ್ ಅದನ್ನು ಅವಿಧೇಯತೆ ಎಂದು ತಿಳಿದು ಇನ್ನಷ್ಟು ಎಡಕ್ಕೆ ತಿರುಗಿಸುತ್ತಾನೆ.

ಅದರ ಮೇಲೆ ಕ್ಯಾರವಾನ್ ತಂಗುದಾಣಗಳ ಸಂಜೆಯ ಮನರಂಜನೆ ಯಾವುದೆಂದು ನಿಮಗೇ ಗೊತ್ತು. ಮೊದಲು ಬಂದವರು ಮಡಚುವ ಕುರ್ಚಿ ಬಿಡಿಸಿ, ಟೀ ಹಿಡಿದು, ಆಮೇಲೆ ಬಂದವರು ಗಾಡಿ ಹಿಂದಕ್ಕೆ ತೆಗೆಯುವುದನ್ನು ನೋಡುತ್ತಾ ಕೂರುತ್ತಾರೆ. ಹೊರಟ ಮೇಲೆ ಒಂದು ಸೋಮವಾರ ಸಂಜೆ ತಂಗುದಾಣದಲ್ಲಿ ಕ್ಲೈವ್ ನೀರಿನ ನಲ್ಲಿಯನ್ನು ಬುಡಸಮೇತ ಕಿತ್ತು ಕಾರಂಜಿ ಎಬ್ಬಿಸಿದಾಗ, ಕೆಂಪು ಟೋಪಿಯ ಒಬ್ಬ ಕುರ್ಚಿಯಿಂದ ಏಳದೆಯೇ ಎರಡು ಬೆರಳು ತೋರಿಸಿದ್ದ. "ಹತ್ತಕ್ಕೆ ಎರಡು, ಮಾರಾಯ! ನಲ್ಲಿ ಚೆನ್ನಾಗಿ ಹಾರಿತು, ಅದಕ್ಕೆ ಒಂದು ಹೆಚ್ಚು!" ಕುರ್ಚಿಗಳೆಲ್ಲ ಬಿದ್ದು ಬಿದ್ದು ನಕ್ಕಿದ್ದವು.

ಮಾರನೆಯ ದಿನ, ಅಂದರೆ ಮಂಗಳವಾರ, ನ್ಯೂ ಸೌತ್ ವೇಲ್ಸ್‌ನ ಪಶ್ಚಿಮದ ಬಯಲಿನಲ್ಲಿ ಡಾಂಬರು ಮುಗಿದು ಮಣ್ಣುದಾರಿ ಶುರುವಾಗುವ ಕಡೆ ಒಂದು ಫಲಕ ನಿಂತಿತ್ತು. "ರಸ್ತೆ ಮುಚ್ಚಿದೆ." ವಾರವಿಡೀ ಸುರಿದ ಮಳೆ ಹಿಂದಿನ ದಿನವಷ್ಟೇ ಬಿಟ್ಟಿತ್ತು.

"ತಿರುಗಿಸು, ಕ್ಲೈವ್" ಅಂದಳು ಮೆರಿಲ್.

ಕ್ಲೈವ್ ತಿರುಗಿಸುವವನೇ. ಆದರೆ ಜಾಗ ಕಿರಿದು. ಹಿಂದೆ ಮುಂದೆ ಮಾಡಿಯೇ ತಿರುಗಿಸಬೇಕು. ಪಕ್ಕದ ಮರದಡಿಯಲ್ಲಿ, ದಾರಿ ತೆರೆಯಲೆಂದು ಕಾಯುತ್ತಾ, ಸಾಲಾಗಿ ಅವೇ ಮಡಚುವ ಕುರ್ಚಿಗಳು. ನಡುವಿನ ಕುರ್ಚಿಯಲ್ಲಿ ಕೆಂಪು ಟೋಪಿ! ಅದು ಆಗಲೇ ಟೀ ಕೆಳಗಿಟ್ಟು ಬೆರಳು ಸಜ್ಜು ಮಾಡಿಕೊಳ್ಳುತ್ತಿತ್ತು.

"ಈ ಫಲಕ ಹಳೇದು" ಅಂದ ಕ್ಲೈವ್. "ಸೋಮಾರಿಗಳು, ತೆಗೆಯೋದು ಮರೆತಿದ್ದಾರೆ. ಬಿಸಿಲು ನೋಡು, ಹೇಗೆ ಹೊಡೀತಿದೆ!"

"ಕ್ಲೈವ್, ಮುಚ್ಚಿದೆ ಅಂತ ಬರೆದಿದೆ."

"ನಂಗೆ ಓದೋಕೆ ಬರತ್ತೆ, ಮೆರಿಲ್!"

ಮೆರಿಲ್ ಸುಮ್ಮನಾದಳು. ನಲವತ್ತು ವರ್ಷ ಸಂಸಾರ ಮಾಡಿದವಳಿಗೆ ಸುಮ್ಮನಾಗುವುದು ಉಸಿರಾಡಿದಷ್ಟೇ ಸಲೀಸು. ಕ್ಲೈವ್ ಫಲಕವನ್ನು ಬಳಸಿಕೊಂಡು, ಕುರ್ಚಿಗಳ ಕಡೆ ರಾಜಗಾಂಭೀರ್ಯದಿಂದ ಕೈಬೀಸಿ, ಮುಂದಕ್ಕೆ ಹೊರಟೇಬಿಟ್ಟ!

ಎರೆಮಣ್ಣು ಮೊದಲು ಗಾಲಿಗೆ ಮೆತ್ತಿಕೊಂಡಿತು. ಆಮೇಲೆ ಗಾಲಿಯನ್ನೇ ನುಂಗಿತು. ಕಾರು ದೋಣಿಯಾಯಿತು. ಕ್ಯಾರವಾನ್ ತಾನೇ ಮುಂದೆ ಹೋಗುತ್ತೇನೆಂದು ಪಕ್ಕಕ್ಕೆ ಜಾರಿತು. ಕಡೆಗೆ ಎರಡೂ ದಾರಿಗೆ ಅಡ್ಡವಾಗಿ, ಒಂದು ಮಗ್ಗುಲಿಗೆ ವಾಲಿ, ಹೊಟ್ಟೆಯ ಮಟ್ಟ ಹೂತು ನಿಂತವು. ಮೆರಿಲ್ ಕ್ಯಾರವಾನಿನ ಬಾಗಿಲು ತೆಗೆದು ಒಳಗೆ ನೋಡಿದರೆ ಹಾಸಿಗೆಯ ಮೇಲೆ ಫ್ರಿಜ್ ಬಾಯಿ ತೆರೆದು ಮಲಗಿದೆ. ಮೊಟ್ಟೆ, ಟೊಮ್ಯಾಟೊ ಸಾಸು, ಡಬ್ಬಿಯ ಬೀಟ್‌ರೂಟು ಎಲ್ಲ ಸೇರಿ ಅವಳ ತಾಯಿ ಹೊಲಿದ ರಜಾಯಿಯ ಮೇಲೆ ಕೊಲೆ ನಡೆದಂತಿದೆ.

"ಬಿಸಿಲು ಹೇಗೆ ಹೊಡೀತಿದೆ ನೋಡು ಕ್ಲೈವ್" ಅಂದಳು ಅವಳು.

ಆಗ ಬೇಲಿಯ ಪಕ್ಕದ ಹುಲ್ಲಿನ ಮೇಲೆ ಒಬ್ಬ ಹೆಂಗಸು ನಡೆದುಬಂದಳು. ದಾರಿಯ ಮೇಲೆ ಕಾಲಿಡಲಿಲ್ಲ. ಅರವತ್ತು ದಾಟಿದವಳು, ಒಂದು ಕೆನ್ನೆ ಹಲಸಿನಕಾಯಿಯಂತೆ ಊದಿತ್ತು. ಅವಳು ಇವರ ಮುಖ ನೋಡಲಿಲ್ಲ, ದಾರಿ ನೋಡಿದಳು. ಗಾಡಿ ಬಂದ ಉದ್ದಕ್ಕೂ ಬಿದ್ದಿದ್ದ ಎರಡು ಹಳ್ಳಗಳನ್ನು, ಹೆಣ ನೋಡುವವರ ಹಾಗೆ, ಟೋಪಿ ತೆಗೆದು ನೋಡಿದಳು.

"ಬಂದ್ರಾ ಮಹಾಸ್ವಾಮಿಗಳು? ನಾನು ತೆಲ್ಮಾ. ಈ ದಾರಿ ಕೊನೇಲಿರೋ ಕುರಿಫಾರಂ ನಂದೇ. ನೋಡಿ ಈ ಕೆನ್ನೆ. ಹಲ್ಲು ಕೀಳಿಸ್ಕೊಬೇಕು. ವಾರದಿಂದ ಲವಂಗ ಕಚ್ಕೊಂಡು ಮನೇಲಿ ಕೂತಿದೀನಿ. ಯಾಕೆ ಗೊತ್ತಾ? ಡಾಕ್ಟರ ಹತ್ರ ಹೋದ್ರೆ ದಾರಿ ಹಾಳಾಗತ್ತೆ ಅಂತ!"

"ಅಯ್ಯೋ" ಅಂದಳು ಮೆರಿಲ್.

"ಗುರುವಾರ ಉಣ್ಣೆ ಕತ್ತರಿಸೋರ ಬಸ್ಸು ಬರತ್ತೆ. ಯಾರೂ ತುಳೀದೆ ಇದ್ದಿದ್ರೆ ಅಷ್ಟೊತ್ತಿಗೆ ದಾರಿ ಗಟ್ಟಿಯಾಗ್ತಿತ್ತು. ಅವತ್ತು ತಪ್ಪಿದ್ರೆ ಮತ್ತೆ ಅವರು ಸಿಗೋದು ಕ್ರಿಸ್ಮಸ್ ಕಳೆದ ಮೇಲೆ. ಅಲ್ಲೀವರೆಗೆ ಈ ಒದ್ದೆ ಉಣ್ಣೆಯೊಳಗೆ ನೊಣ ಮೊಟ್ಟೆ ಇಟ್ಟು, ಹುಳ ಬಿದ್ದು, ನನ್ನ ಕುರಿಗಳನ್ನ ಜೀವಂತ ತಿನ್ನತ್ತೆ. ನಿಮಗೆ ಫಲಕ ಕಾಣಲಿಲ್ವಾ?"

ಕ್ಲೈವ್ ಗಂಟಲು ಸರಿಮಾಡಿಕೊಂಡ. "ನೋಡಿ ಮೇಡಂ, ಆ ಫಲಕ ಸರಿಯಾದ ಕೋನದಲ್ಲಿ ಇರಲಿಲ್ಲ. ಮೇಲಾಗಿ ಬಿಸಿಲು ಕಣ್ಣಿಗೆ..."

ಮೆರಿಲ್‌ಗೆ ನಗು ಬಂತು. ಸಂತೋಷದ ನಗುವಲ್ಲ. "ಕ್ಲೈವ್, ಇದೇ ಮಾತು ಹೇಳಿದ ಎಷ್ಟು ಜನಕ್ಕೆ ನೀನು ದಂಡ ಹಾಕಿದೀಯ? ನಮ್ಮಮ್ಮನೂ ಇದನ್ನೇ ಹೇಳಿದ್ಳು!"

"ಒಂದು ಪೆಟ್ಟಿಗೆ ಬಿಯರ್ ಕೊಡ್ತೀನಿ ತೆಲ್ಮಾ, ಟ್ರ್ಯಾಕ್ಟರಿನಲ್ಲಿ ಎಳೆದುಬಿಡಿ" ಅಂದ ಕ್ಲೈವ್. ಆ ಸೀಮೆಯಲ್ಲಿ ಹೂತ ಗಾಡಿ ಎಳೆದವರಿಗೆ ಕೊಡುವ ಮರ್ಯಾದೆ ಅದು.

"ನನ್ನ ಕುರಿಗಳು ಬಿಯರ್ ಕುಡಿಯಲ್ಲಪ್ಪಾ. ಈಗ ಎಳೆದ್ರೆ ಇನ್ನೂ ಆಳಕ್ಕೆ ಬಗೆಯತ್ತೆ. ನಾಳೆವರೆಗೂ ಒಣಗಲಿ. ಬಂದ ಹಳ್ಳದಲ್ಲೇ ವಾಪಸ್ ಎಳೆದು, ಹಳ್ಳ ಮುಚ್ಚಿ ನೋಡೋಣ. ಬೇರೆ ಯಾರೂ ಈ ಕಡೆ ಬರದೆ ಇದ್ರೆ ಬಸ್ಸು ಹೇಗಾದ್ರೂ ದಾಟಬಹುದು."

ಬುಧವಾರ ಬೆಳಿಗ್ಗೆ ತೆಲ್ಮಾ ಟ್ರ್ಯಾಕ್ಟರ್ ತಂದಳು, ಸಲಿಕೆ ತಂದಳು. ಹಗ್ಗ ಬಿಗಿಯುವಷ್ಟರಲ್ಲಿ ಹಿಂದೆ ಎಂಜಿನ್ನಿನ ಸದ್ದು. ಕ್ಲೈವ್ ಕೊರೆದ ಅವೇ ಎರಡು ಹಳ್ಳಗಳಲ್ಲಿ, ಹಳಿಯ ಮೇಲಿನ ರೈಲಿನಂತೆ, ಇನ್ನೊಂದು ಕ್ಯಾರವಾನ್ ಬರುತ್ತಿದೆ! ಹಳ್ಳ ಇನ್ನೊಂದು ಮೊಳ ಆಳವಾಯಿತು. ಗಾಡಿ ಇವರಿಂದ ಕೂಗಳತೆಯಲ್ಲಿ ಧಸಕ್ಕೆಂದು ಕುಳಿತಿತು. ಕಿಟಕಿಯಿಂದ ಕೆಂಪು ಟೋಪಿ ಹೊರಬಂತು.

ಕ್ಲೈವ್‌ನೊಳಗಿನ ಇನ್ಸ್‌ಪೆಕ್ಟರ್ ಧಗ್ಗನೆ ಎದ್ದ. ಮೊಣಕಾಲು ಮಟ್ಟದ ಕೆಸರಿನಲ್ಲಿ ನಿಂತು, ಸಲಿಕೆಯನ್ನು ಗದೆಯಂತೆ ಎತ್ತಿ ಅಬ್ಬರಿಸಿದ:

"ಏಯ್! ಫಲಕ ಓದೋಕೆ ಬರಲ್ವೇನಯ್ಯಾ ನಿಂಗೆ?"

"ಓದಿದೆ. ನೀನು ಹೋದೆಯಲ್ಲ, ಮಾರಾಯ!" ಅಂದ ಕೆಂಪು ಟೋಪಿಯವನು. "ಹೋದೋನು ವಾಪಸ್ ಬರಲಿಲ್ಲ. ಹಾಗಾದ್ರೆ ದಾರಿ ಚೆನ್ನಾಗಿದೆ ಅಂದ್ಕೊಂಡೆ."

ಬುಧವಾರವೆಲ್ಲ ಎಳೆದರು, ಅಗೆದರು, ಮುಚ್ಚಿದರು. ಗಾಡಿಗಳು ಹೊಲದಂಚಿಗೆ ಬಂದವು. ದಾರಿ ಮಾತ್ರ ಹಂದಿಗಳು ಹೊರಳಾಡಿದ ಕೆರೆಯಂಗಳವಾಯಿತು. ಗುರುವಾರ ಬಸ್ಸು ಬಂತು. ಡ್ರೈವರ್ ಇಳಿದು, ಹಳ್ಳಕ್ಕೆ ಕಾಲು ಇಳಿಸಿ ನೋಡಿದ. "ಕ್ಷಮಿಸು ತೆಲ್ಮಾ. ಬಸ್ಸಿನ ಹೊಟ್ಟೆ ತಗಲತ್ತೆ" ಅಂದ. ಬಸ್ಸು ಮುಂದಿನ ಫಾರಮ್ಮಿಗೆ ಹೋಯಿತು.

ತೆಲ್ಮಾ ಊದಿದ ಕೆನ್ನೆ ಮುಟ್ಟಿಕೊಂಡಳು. "ದಾರಿ ಹೆಂಗೂ ಹೋಯ್ತು. ಇನ್ನು ಟ್ರ್ಯಾಕ್ಟರಿನಲ್ಲೇ ಹೋಗಿ ಹಲ್ಲು ಕೀಳಿಸ್ಕೊಂಡು ಬಂದ್ಬಿಡ್ತೀನಿ" ಅಂದಳು.

ಅವಳು ವಾಪಸು ಬಂದು, ಹತ್ತಿ ಕಚ್ಚಿದ ಬಾಯಲ್ಲೇ, ಆಗಲೇ ಹುಳ ಬಿದ್ದಿದ್ದ ಕುರಿಗಳಿಗಾಗಿ ಕೈಕತ್ತರಿ ಹಿಡಿದು ಕೊಟ್ಟಿಗೆಗೆ ಹೊರಟಾಗ ಮೆರಿಲ್ ಹಿಂದೆಯೇ ಎದ್ದಳು.

"ನಡಿ ಕ್ಲೈವ್."

"ನಂಗೆ ಬೆನ್ನುನೋವು..."

"ಆವತ್ತು ತಿರುಗಿಸು ಅಂದೆ, ನೀನು ಗದರಿದೆ, ನಾನು ಬಾಯಿ ಮುಚ್ಚಿಕೊಂಡೆ. ಅದು ನನ್ನ ತಪ್ಪು. ಇವತ್ತು ಮುಚ್ಚಲ್ಲ. ಕುರಿ ಹಿಡಿ!"

ಕ್ಲೈವ್ ಹಿಡಿದ. ಕೆಂಪು ಟೋಪಿಯವನೂ ಹಿಡಿದ. ತೆಲ್ಮಾ ಬಾಲದ ಸುತ್ತ ಉಣ್ಣೆ ಕತ್ತರಿಸಿದಂತೆಲ್ಲ ಹುಳ ಅಕ್ಕಿ ಸುರಿದಂತೆ ಉದುರಿದವು. ಮೆರಿಲ್ ಔಷಧಿ ಹುಯ್ಯುತ್ತಾ ಹೋದಳು. ಕ್ಲೈವ್ ಎರಡು ಸಲ ಹೊರಗೆ ಓಡಿ ವಾಂತಿ ಮಾಡಿ ಬಂದ. ಸಮಯಕ್ಕೆ ಕೈಗೆ ಸಿಕ್ಕ ಕುರಿಗಳು ಬದುಕಿದವು. ಮೂಲೆಯಲ್ಲಿದ್ದ ಒಂದು ತಾಯಿಕುರಿಗೆ ಕತ್ತರಿ ತಲುಪುವುದು ತಡವಾಗಿತ್ತು. ಅದು ಕ್ಲೈವ್‌ನ ತೊಡೆಯ ಮೇಲೇ ಕಾಲು ಜಾಡಿಸಿ ಸುಮ್ಮನಾಯಿತು. ಅದರ ಮರಿ ಬಂದು ಅವನ ಮೊಣಕೈ ಮೂಸಿತು.

"ನಂಗೆ ಹಿಂದಕ್ಕೆ ತೆಗೆಯೋಕೆ ಬರಲ್ಲ, ತೆಲ್ಮಾ" ಅಂದ ಕ್ಲೈವ್. ಸ್ವರ ಅವನದ್ದೇ ಎಂದು ಮೆರಿಲ್‌ಗೆ ನಂಬಿಕೆಯಾಗಲಿಲ್ಲ. "ಕ್ಯಾರವಾನು. ಫಲಕದ ಹತ್ರ ಇವನೂ ಇವನ ಜೊತೆಯವರೂ ಕುರ್ಚಿ ಹಾಕ್ಕೊಂಡು ನೋಡ್ತಾ ಕೂತಿದ್ರು. ಅದಕ್ಕೇ ಮುಂದೆ ಬಂದ್ಬಿಟ್ಟೆ."

ತೆಲ್ಮಾ ಕತ್ತರಿ ನಿಲ್ಲಿಸಿದಳು. "ಅಷ್ಟೇನಾ? ಅಷ್ಟಕ್ಕೇನಾ? ಕುರ್ಚಿಯಲ್ಲಿ ಅಷ್ಟು ಜನ ಕೂತಿದ್ರಲ್ಲಪ್ಪಾ. ಬರಲ್ಲ, ತಿರುಗಿಸಿಕೊಡಿ ಅಂತ ಒಂದು ಮಾತು ಕೇಳಿದ್ರೆ ಇವನೇ ಬಂದು ತಿರುಗಿಸಿಕೊಡ್ತಿದ್ದ!"

ಎಲ್ಲರೂ ಕೆಂಪು ಟೋಪಿಯವನ ಕಡೆ ನೋಡಿದರು. ಅವನು ಟೋಪಿ ತೆಗೆದು ಕೈಯಲ್ಲಿ ಹಿಂಡಿದ.

"ಇಲ್ಲ" ಅಂದ. "ನಂಗೂ ಬರಲ್ಲ. ಅದಕ್ಕೇ ನಾನು ಎಲ್ಲರಿಗಿಂತ ಮೊದಲೇ ಬಂದು ಕುರ್ಚಿ ಹಾಕ್ಕೋತೀನಿ."

ನಗಬೇಡಿ! ನಿಮ್ಮ ಅಂಗಳದಲ್ಲೂ ಒಂದು ಬಿಳಿಯಾನೆ ನಿಂತಿದೆ, ವಸಂತ ಬಂದಿದೆ, ನೀವೂ ಹೊರಟಿದ್ದೀರಿ. ಹೊರಡುವ ಮುಂಚೆ ಅಕ್ಕಪಕ್ಕದವರನ್ನೆಲ್ಲ ಕರೆದು ಬೀದಿಯಲ್ಲಿ ನಿಲ್ಲಿಸಿ. ಅವರು ಬೆರಳು ತೋರಿಸಲಿ, ಹೊಟ್ಟೆ ಹಿಡಿದು ನಗಲಿ, ಅವರ ಹೂಗಿಡ ಮುರಿಯಲಿ, ಗೇಟು ಬೀಳಲಿ. ಅವರೆಲ್ಲರ ಕಣ್ಣೆದುರಿಗೆ ಆ ಗಾಡಿಯನ್ನು ಹಿಂದಕ್ಕೆ ತೆಗೆದು ತೋರಿಸಿ. ಬರುವುದಿಲ್ಲವೇ? ಹಾಗಾದರೆ ಕೀಲಿಕೈ ಗೂಟಕ್ಕೆ ನೇತುಹಾಕಿ, ಮನೆಯಲ್ಲೇ ಬಿದ್ದಿರಿ.